ಮೆಟ್ಟಿಲಿಲ್ಲದ ಕಟ್ಟಡ

ಜೂನ್ ೪, ಮಂಗಳವಾರ

ಇವತ್ತಿಂದ ಬರೀತೀನಿ. ಯಾಕಪ್ಪಾ ಅಂದ್ರೆ ಮನೇಲಿ ನನ್ನ ಜೋಕಿಗೆ ನಗೋರು ಯಾರೂ ಉಳಿದಿಲ್ಲ. ಹೆಂಡ್ತಿ ನಕ್ಕರೆ ಸೊಂಟ ನೋಯುತ್ತೆ ಅಂತ ನಗಲ್ಲ. ಮಗಳು ನಕ್ಕರೆ ನಂಗೆ ಕೊಬ್ಬು ಜಾಸ್ತಿ ಆಗುತ್ತೆ ಅಂತ ನಗಲ್ಲ. ಉಳಿದಿದ್ದು ಈ ಪುಸ್ತಕ. ಇದು ನಗದೇ ಇದ್ರೂ ಎದ್ದು ಒಳಗಂತೂ ಹೋಗಲ್ಲ.

ನಾನು ಲಿಫ್ಟ್ ರಿಪೇರಿ ಮಾಡೋನು. ಊರಲ್ಲಿ ಎಲ್ಲಿ ಲಿಫ್ಟ್ ನಿಂತ್ರೂ ನಂಗೇ ಫೋನು. ನಾವಿರೋದು ಮೂರನೇ ಮಹಡೀಲಿ, ಲಿಫ್ಟೇ ಇಲ್ಲದ ಕಟ್ಟಡದಲ್ಲಿ. ಇಷ್ಟು ದೊಡ್ಡ ಜೋಕು ನನ್ನ ಬಾಯಲ್ಲಿ ಯಾವತ್ತೂ ಹುಟ್ಟಿಲ್ಲ.

ಆ ಮೆಟ್ಟಿಲಲ್ಲೇ ಇವಳು ಬಿದ್ದಿದ್ದು. ಎರಡನೇ ಮಹಡಿ ದಾಟಿ ಕೆಳಗಿಳಿಯೋ ತಿರುವಲ್ಲಿ. ಸೊಂಟದ ಮೂಳೆ ಮುರೀತು, ಆಪರೇಷನ್ ಆಯ್ತು, ಒಳಗೆ ರಾಡು ಕೂರಿಸಿದ್ರು. ಈಗ ಮೂಳೆ ಚೆನ್ನಾಗಿ ಕೂಡಿದೆ. ವಾಕರ್ ಹಿಡ್ಕೊಂಡು ಮನೆಯೊಳಗೆ ರಾಣಿ ಥರ ಓಡಾಡ್ತಾಳೆ. ಬಾಗಿಲ ಹತ್ರ ಬಂದ ತಕ್ಷಣ ರಿವರ್ಸ್ ಗೇರು.

ಇವತ್ತು ವ್ಯಾಯಾಮ ಮಾಡಿಸೋ ಡಾಕ್ಟ್ರಮ್ಮ ಬಂದಿದ್ರು. ಹೋಗ್ತಾ ನನ್ನನ್ನ ಬಾಗಿಲಾಚೆ ಕರೆದು, “ನೋಡಿ, ಕಾಲಲ್ಲಿ ಏನೂ ಇಲ್ಲ. ಮೆಟ್ಟಿಲಿಳಿಯೋಕೆ ನಾನೇ ಹೇಳಿದೀನಿ, ಅವರೇ ಬೇಡ ಅಂತಿದಾರೆ. ಹೆದರಿಕೆ ಇಟ್ಕೊಂಡಷ್ಟೂ ಗಟ್ಟಿ ಆಗುತ್ತೆ. ಈಗ ಇಳೀಲಿಲ್ಲ ಅಂದ್ರೆ ಆಮೇಲೆ ಇಳಿಯೋದು ಕಷ್ಟ” ಅಂದ್ರು.

“ಎತ್ಕೊಂಡು ಇಳಿಸ್ಲಾ ಡಾಕ್ಟ್ರೇ?” ಅಂದೆ.

ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. “ಒಂದು ಮನೇಲಿ ಒಂದು ಸೊಂಟ ಮುರಿದ್ರೆ ಸಾಕು” ಅಂದ್ರು. ಜೋಕಿನ ವಿಷಯದಲ್ಲಿ ಹೆಂಗಸು ನನ್ನ ಜಾತಿಯೇ.

ಜೂನ್ ೬, ಗುರುವಾರ

ಬೀದಿ ತುದೀಲಿ ಇವಳದ್ದೊಂದು ಜೆರಾಕ್ಸ್ ಅಂಗಡಿ ಇದೆ. ಒಳಗೆ ಇಬ್ಬರು ನಿಂತ್ರೆ ಮೂರನೆಯವರು ಉಸಿರು ಹೊರಗಡೆ ಬಿಟ್ಟು ಬರ್ಬೇಕು, ಅಷ್ಟು ದೊಡ್ಡದು. ಮಗಳು ತೊಡೆ ಮೇಲಿದ್ದಾಗಿಂದ ನಡೆಸ್ತಿದಾಳೆ. ಈಗ ನಾನು ರಜಾ ಹಾಕಿ ಬೆಳಿಗ್ಗೆ ಹೊತ್ತು ಅಲ್ಲಿ ಕೂರ್ತೀನಿ. ಮಗಳಿಗೆ ಮಧ್ಯಾಹ್ನದ ಡ್ಯೂಟಿ, ಹಂಗಾಗಿ ಬೆಳಿಗ್ಗೆ ಅವಳು ಅಮ್ಮನ ಜೊತೆ.

ಇವಳಿಗೆ ಖುಷಿ ಆಗ್ಲಿ ಅಂತ ಅಂಗಡಿ ಫೋಟೋ ಹೊಡ್ಕೊಂಡು ಬಂದೆ. ಮೊಬೈಲ್ ಮುಖದ ಮುಂದೆ ಹಿಡಿದೆ.

“ಹೂಂ” ಅಂದ್ಲು.

ಇನ್ನೊಂದು ತೋರಿಸಿದೆ. ಅದಕ್ಕೆ ಬರೀ ತಲೆ ಆಡಿಸಿದ್ಲು. ಆಮೇಲೆ ಗೋಡೆ ಕಡೆ ತಿರುಗಿ, “ಜಾಗದ ಓನರ್ ಕೇಳ್ತಿದ್ರಲ್ಲ, ಬೇರೆಯವರು ಬರ್ತಾರಂತೆ ಅಂತ. ಕೊಟ್ಬಿಡಿ. ನಾನಿನ್ನು ಯಾವಾಗ ಇಳಿದೇನು” ಅಂದ್ಲು.

ಓನರ್‌ಗೆ ತಿಂಗಳ ಕೊನೇಲಿ ಹೇಳ್ತೀನಿ ಅಂದಿದೀನಿ. ಇವಳಿಗೆ ಏನೋ ಒಂದು ಜೋಕ್ ಹೇಳಿದೆ. ಏನು ಅಂತ ಈಗ ನೆನಪಿಗೆ ಬರ್ತಿಲ್ಲ.

ಜೂನ್ ೭, ಶುಕ್ರವಾರ

ಹಹ್ಹಾ! ಇವತ್ತಿಂದು ಪೂರ್ತಿ ಬರೀಲೇಬೇಕು.

ಬೆಳಿಗ್ಗೆ ಅಂಗಡೀಲಿ ಕರೆಂಟ್ ಹೋಯ್ತು. ಮಿಷನ್ ಓಡಲ್ಲ, ಮೊಬೈಲ್ ಸತ್ತಿದೆ, ಗಿರಾಕಿ ಇಲ್ಲ. ಹಾಳಾದ ಜೆರಾಕ್ಸ್ ಹಾಳೆ ಒಂದು ರಾಶಿ ಬಿದ್ದಿತ್ತು, ಹಿಂದುಗಡೆ ಎಲ್ಲ ಖಾಲಿ. ಒಂದು ಪೆನ್ಸಿಲ್ ತಗೊಂಡು ಸುಮ್ನೆ ಅಂಗಡೀನ ಬರೆಯೋಕೆ ಕೂತೆ. ನಾಲ್ಕನೇ ಕ್ಲಾಸಲ್ಲಿ ಮಾವಿನಹಣ್ಣು ಬರೆದು ಬದನೇಕಾಯಿ ಅಂತ ಮಾರ್ಕು ತಗೊಂಡೋನು ನಾನು. ಆಮೇಲೆ ಚಿತ್ರದ ಸಹವಾಸಕ್ಕೆ ಹೋಗಿರಲಿಲ್ಲ.

ಮನೆಗೆ ಬಂದು ತೋರಿಸಿದೆ. ಇವಳು ಹಾಳೇನ ಅಡ್ಡ ಹಿಡಿದ್ಲು, ಉದ್ದ ಹಿಡಿದ್ಲು.

“ಏನ್ರೀ ಇದು? ಅಂಗಡಿಯೋ ಬೆಂಕಿಪೊಟ್ಟಣವೋ?”

“ಅಂಗಡಿ ಕಣೇ. ಇದು ನಿನ್ನ ಜೆರಾಕ್ಸ್ ಮಿಷನ್ನು.”

“ಎಮ್ಮೆ ಮಲಗಿದಂಗಿದೆ! ಮತ್ತೆ ಮಿಷನ್ ಬಾಗಿಲಲ್ಲಿ ಯಾಕಿದೆ? ಜನ ಅದನ್ನ ಹಾರ್ಕೊಂಡು ಬರ್ಬೇಕಾ?”

“ಅಲ್ಲೇ ಇರೋದು.”

“ಅಲ್ಲಿಲ್ಲ ರೀ! ನಾನು ಕೂತು ಬಲಗೈ ಚಾಚಿದ್ರೆ ಸಿಗುತ್ತೆ ಅದು. ನೀವು ಇಷ್ಟು ದಿನದಿಂದ ಅಲ್ಲಿ ಕೂತು ಏನು ನೊಣ ಹೊಡೀತಿದ್ರಾ?”

ಇಷ್ಟು ಹೇಳೋ ಹೊತ್ತಿಗೆ ಮಲಗಿದ್ದೋಳು ಎದ್ದು ಕೂತಿದ್ಲು. ಪೆನ್ಸಿಲ್ ಕಿತ್ಕೊಂಡು ಎಮ್ಮೇನ ಹೊಡೆದು ಒಳಗೆ ಕಟ್ಟಿದ್ಲು. ಆಮೇಲೆ ಕಪಾಟು ಎಲ್ಲಿ, ಸ್ಟೂಲ್ ಎಲ್ಲಿ, ಅದರ ಕೆಳಗಿನ ನೀರಿನ ಬಾಟ್ಲಿ ಎಲ್ಲಿ ಅಂತ ಒಂದೊಂದೇ ವಿಚಾರಣೆ. ನಂಗೊಂದೂ ಗೊತ್ತಿಲ್ಲ. ನಗ್ತಾ ನಗ್ತಾ ಸೊಂಟ ಹಿಡ್ಕೊಂಡು “ಅಯ್ಯಯ್ಯೋ ಸಾಕು” ಅಂದ್ಲು.

ಫೋಟೋ ತೋರಿಸಿದ್ರೆ ‘ಹೂಂ’ ಅಂತಾಳೆ. ಚಿತ್ರ ತೋರಿಸಿದ್ರೆ ಜಗಳ ಆಡ್ತಾಳೆ. ಜಗಳ ಆಡ್ಬೇಕು ಅಂದ್ರೆ ಎದ್ದು ಕೂರ್ಬೇಕು. ನಾಳೆ ಇನ್ನೂ ಕೆಟ್ಟದಾಗಿ ಬರೀತೀನಿ.

ಜೂನ್ ೯, ಭಾನುವಾರ

ಕೆಟ್ಟದಾಗಿ ಬರೀಬೇಕು ಅಂತ ಪ್ರಯತ್ನ ಏನೂ ಬೇಕಾಗಿಲ್ಲ.

ಪೋಸ್ಟಾಫೀಸು ಬರೆದೆ. ಆಸ್ಪತ್ರೆ ಬರೆದೆ. ಬಸ್‌ಸ್ಟ್ಯಾಂಡಿನ ಮೇಲಿರೋ ಕಾಲುಸೇತುವೆ ಬರೆದೆ. ನನ್ನ ಚಿತ್ರದಲ್ಲಿ ಒಂದು ವಿಶೇಷ ಏನಂದ್ರೆ ಮುಂದಿನ ಗೋಡೆ ಇರಲ್ಲ. ಲಿಫ್ಟ್ ಕಂಪ್ನಿಯ ನಕ್ಷೆಯಲ್ಲಿ ಕಟ್ಟಡವನ್ನ ಬ್ರೆಡ್ಡು ಕೊಯ್ದಂಗೆ ಕೊಯ್ದು ಹೊಟ್ಟೆ ತೋರಿಸಿರ್ತಾರೆ. ನಾನು ನೋಡಿರೋ ನಕ್ಷೆ ಅದೊಂದೇ, ಹಂಗಾಗಿ ನಂಗೆ ಬರೋದೂ ಅದೊಂದೇ. ಪೋಸ್ಟಾಫೀಸಿನ ಒಳಗಿರೋರೆಲ್ಲ ಕಾಣ್ತಾರೆ. ಒಬ್ಬಾತ ಕಕ್ಕಸು ಮನೇಲಿ ಕೂತಿದಾನೆ, ಅವನೂ ಕಾಣ್ತಾನೆ.

“ಥೂ, ಆ ಬಾಗಿಲಾದ್ರೂ ಹಾಕ್ರೀ” ಅಂತ ಇವಳು ತಾನೇ ಬಾಗಿಲು ಬರೆದು, ಚಿಲಕಾನೂ ಹಾಕಿದ್ಲು.

ಜೂನ್ ೧೨, ಬುಧವಾರ

ಕಂಪ್ನಿಯಿಂದ ಫೋನು. ದೊಡ್ಡ ಆಫೀಸ್ ಕಟ್ಟಡದ ಲಿಫ್ಟ್ ಕೆಟ್ಟಿದೆ, ರಜಾ ಇದ್ರೂ ಒಂದು ಗಂಟೆ ಬಾ ಅಂದ್ರು. ಹೋದೆ, ಸರಿ ಮಾಡ್ದೆ, ಹೊರಗೆ ಬಂದು ಎದುರಿನ ಕಟ್ಟೆ ಮೇಲೆ ಕೂತು ಬರೆಯೋಕೆ ಶುರು ಮಾಡ್ದೆ. ಆಗ ಕಂಡಿದ್ದು: ಆ ಕಟ್ಟಡಕ್ಕೆ ಮುಂದುಗಡೆ ಒಂದು ಉದ್ದಾನುದ್ದ ಬಾಲ್ಕನಿ ಇದೆ! ಕಮಾನು ಕಮಾನಾಗಿ! ಒಂದು ಕಮಾನಿನ ಮೂಲೇಲಿ ಪಾರಿವಾಳದ ಗೂಡಿದೆ. ಆಫೀಸಿನ ದೊಡ್ಡ ಸಾಹೇಬರ ಕಿಟಕೀಲಿ ಅವರ ಟವೆಲ್ ಒಣಗ್ತಿದೆ!

ಗೇಟಿನ ವಾಚ್‌ಮನ್ ಹತ್ರ ಓಡಿ, “ಈ ಬಾಲ್ಕನಿ ಯಾವಾಗ ಕಟ್ಟಿದ್ರು?” ಅಂದೆ.

“ನಮ್ಮಪ್ಪ ಇಲ್ಲಿ ವಾಚ್‌ಮನ್ ಆಗಿದ್ದಾಗಲೇ ಇತ್ತು. ನೀವು ನನ್ನ ಮದುವೆಗೆ ಮುಂಚಿಂದ ಬರ್ತಿದೀರಲ್ಲ, ಯಾವತ್ತೂ ನೋಡಿಲ್ವಾ?”

ಇಲ್ಲ ಮಾರಾಯ! ನಾನು ಸೀದಾ ಒಳಗೆ ನುಗ್ಗಿ, ಗ್ರೀಸು, ಹಗ್ಗ, ಕತ್ತಲು ನೋಡ್ಕೊಂಡು ವಾಪಸ್ ಬರೋನು. ಊರಿನ ಕಟ್ಟಡಗಳ ಕರುಳು ಪರಿಚಯ, ಮುಖ ಪರಿಚಯ ಇಲ್ಲ.

ಮನೆಗೆ ಬಂದು ಹೇಳ್ದೆ. ಇವಳು, “ನನ್ನ ಮುಖ ನೋಡಿದೀರಾ, ಅಥವಾ ಅದೂ ಬಾಕಿ ಇದೆಯಾ?” ಅಂದ್ಲು. ನೋಡ್ದೆ. ಕೂದ್ಲಿಗೆ ಬಣ್ಣ ಹಚ್ಚದೆ ಬುಡದಲ್ಲಿ ಬೆಳ್ಳಗೆ ಬಂದಿದೆ. ಚೆನ್ನಾಗೇ ಕಾಣುತ್ತೆ. ಹೇಳಿದ್ರೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈತಾಳೆ ಅಂತ ಸುಮ್ಮನಾದೆ.

ಜೂನ್ ೧೭, ಸೋಮವಾರ

ನಮ್ಮ ಕಟ್ಟಡಾನೇ ಬರೆದೆ! ಮೂರು ದಿನ ಹಿಡೀತು. ದೊಡ್ಡ ಹಾಳೆ ಇಲ್ಲ ಅಂತ ನಾಲ್ಕು ಹಾಳೆ ಅಂಟಿಸಿದೆ. ಮುಂದಿನ ಗೋಡೆ ಕಿತ್ತಾಕಿ ಎಲ್ಲರನ್ನೂ ಒಳಗೆ ಕೂರಿಸಿದೀನಿ. ಕೆಳಗೆ ಬೈಕುಗಳು, ಎರಡನೇ ಮಹಡೀಲಿ ಟೈಲರ್, ನಮ್ಮ ಮನೇಲಿ ಇವಳು, ಮಗಳು, ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ಕಾಗೆ.

ಟೈಲರ್ ಇವಳ ಆರೋಗ್ಯ ವಿಚಾರಿಸೋಕೆ ಬಂದಿದ್ದ, ಚಿತ್ರ ನೋಡಿ ಮುಖ ಊದಿಸ್ಕೊಂಡ.

“ಅಣ್ಣಾ, ಇದು ನಾನಾ? ಬನಿಯನ್ನಲ್ಲಿ?”

“ಬನಿಯನ್ನಲ್ಲೇ ತಾನೆ ನೀನು ಹೊಲಿಯೋದು?”

“ಊರಿಗೆಲ್ಲ ಕೋಟು ಹೊಲಿಯೋನು ನಾನು! ಇದನ್ನ ಗಿರಾಕಿ ನೋಡಿದ್ರೆ ಏನಂತಾರೆ? ಅಕ್ಕಾ, ನೀವಾದ್ರೂ ಹೇಳಿ!”

“ಕೋಟು ಹಾಕಿಸ್ತೀನಿ ಬಿಡೋ” ಅಂತ ಅಳಿಸಿ ಕೋಟು ಬರೆದೆ. ಟೈ ಕೂಡ ಬೇಕಂತೆ. ಹಾಕ್ದೆ. ಈಗ ಕೋಟು ಟೈ ಹಾಕ್ಕೊಂಡು ಬರಿಗಾಲಲ್ಲಿ ಮಿಷನ್ ತುಳೀತಿದಾನೆ. ಖುಷಿಯಾಗಿ ಹೋದ.

ಇವಳು ಮಾತ್ರ ನಗಲಿಲ್ಲ. ಚಿತ್ರಾನ ತೊಡೆ ಮೇಲೆ ಹರಡ್ಕೊಂಡು ಬಹಳ ಹೊತ್ತು ನೋಡಿದ್ಲು.

“ಎಲ್ಲಾ ಇದೆ ರೀ. ಕಾಗೆನೂ ಇದೆ. ನಾನು ಇಳಿಯೋದೆಲ್ಲಿಂದ? ಮೆಟ್ಟಿಲೇ ಇಲ್ವಲ್ಲ.”

ನೋಡ್ತೀನಿ, ಹೌದು! “ಜಾಗ ಸಾಲಲಿಲ್ಲ ಕಣೇ” ಅಂದೆ.

“ಟೈಲರ್ ಟೈಗೆ ಜಾಗ ಇತ್ತು.”

ಹಳೇ ಚಿತ್ರ ಎಲ್ಲ ತರಿಸಿದ್ಲು. ಆಸ್ಪತ್ರೇಲಿ ಮೆಟ್ಟಿಲಿಲ್ಲ. ಪೋಸ್ಟಾಫೀಸಿಗಿಲ್ಲ. ಬಸ್‌ಸ್ಟ್ಯಾಂಡಿನ ಕಾಲುಸೇತುವೆಯಂತೂ ಮೆಟ್ಟಿಲೇ ಇಲ್ಲದೆ ಆಕಾಶದಲ್ಲಿ ತೇಲ್ತಿದೆ, ಮೇಲಿರೋ ಜನ ಯಾವ ಜನ್ಮದಲ್ಲಿ ಕೆಳಗೆ ಬರ್ತಾರೋ! ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ಲಿಫ್ಟಿನೋನ ಅಭ್ಯಾಸ ನೋಡಿ, ಮೆಟ್ಟಿಲು ಕಣ್ಣಿಗೇ ಬೀಳಲ್ಲ ಅಂದೆ.

ಮಗಳು, “ಅಪ್ಪಾ, ಲಿಫ್ಟ್ ಕೆಟ್ಟಾಗ ತಾನೆ ನೀನು ಹೋಗೋದು? ಊರಿನ ಮೆಟ್ಟಿಲೆಲ್ಲ ಹತ್ತಿರೋನು ನೀನೊಬ್ಬನೇ” ಅಂದ್ಲು.

ಅದೂ ನಿಜ. ನಾಳೆ ಬರೆದ್ರಾಯ್ತು, ಅದೇನು ಬ್ರಹ್ಮವಿದ್ಯೆನಾ.

ಜೂನ್ ೧೮, ಮಂಗಳವಾರ

ಮೆಟ್ಟಿಲು ಬರೆಯೋಕೆ ಹೋದೆ. ಪೆನ್ಸಿಲ್ ಮೊನೆ ಮುರೀತು. ವಾಪಸ್ ಬಂದೆ.

ಜೂನ್ ೧೯, ಬುಧವಾರ

ಇವತ್ತೂ ಹೋಗಿದ್ದೆ. ಬಿಸಿಲು ಜಾಸ್ತಿ ಇತ್ತು, ಕೂರೋಕಾಗಲಿಲ್ಲ.

“ಮೆಟ್ಟಿಲ ಮೇಲೆ ಯಾವ ಬಿಸಿಲಪ್ಪಾ?” ಅಂತ ಮಗಳು ಕೇಳಿದ್ಲು. ಈ ಕಾಲದ ಮಕ್ಕಳಿಗೆ ಎಲ್ಲದಕ್ಕೂ ಪ್ರಶ್ನೆ. ಇನ್ನೊಂದು ಕೇಳಿದ್ಲು: ಆ ತಿರುವಿಗೆ ಬಂದಾಗ್ಲೆಲ್ಲ ನೀನು ಯಾಕೆ ಸಿಳ್ಳೆ ಹಾಕ್ತೀಯ ಅಂತ. ನಾನೆಲ್ಲಿ ಹಾಕ್ತೀನಿ? ಹಾಕಿದ್ರೂ ತಪ್ಪೇನು, ಸಿಳ್ಳೆಗೇನು ಬಾಡಿಗೆ ಕೊಡ್ಬೇಕಾ?

ಜೂನ್ ೨೦, ಗುರುವಾರ

ಇವತ್ತು ಮನೇಲಿ ದೊಡ್ಡ ಗಲಾಟೆ. ಎಂಥ ಮಜಾ ಬಂತು ಅಂದ್ರೆ ಊಟ ಬಿಟ್ಟು ಬರೆಯೋಕೆ ಕೂತಿದೀನಿ.

ಮೆಟ್ಟಿಲಿನ ಚಿತ್ರ ಎಲ್ಲಿ ಅಂತ ಇವಳು ಕೇಳಿದ್ಲು. ತಲೆ ನೋವು ಅಂದೆ. ನನ್ನ ಮುಖಾನೇ ಸ್ವಲ್ಪ ಹೊತ್ತು ನೋಡಿ, “ಬಾಗಿಲು ತೆಗೀರಿ” ಅಂದ್ಲು.

ತೆಗೆದೆ.

“ಹೊಸ್ತಿಲ ಆಚೆ ಒಂದು ಕುರ್ಚಿ ಹಾಕಿ.”

ಹಾಕ್ದೆ. ವಾಕರ್ ತಳ್ಕೊಂಡು ಬಂದು ಉಸ್ ಅಂತ ಕೂತ್ಲು. “ನಾನು ಇಲ್ಲಿಂದ ಹೇಳ್ತೀನಿ. ನೀವು ಇಳೀತಾ ಬರೀರಿ. ನಿಮ್ಮ ಕಣ್ಣಿಗೆ ಬೀಳಲ್ವಲ್ಲ, ನಾನೇ ತೋರಿಸ್ತೀನಿ.”

ಇಳಿದೆ. ಮೇಲಿಂದ ಕಾಮೆಂಟರಿ ಶುರು.

“ಎಡಗಡೆ ಗೋಡೆ ಮೇಲೆ ಬಣ್ಣ ಕಿತ್ತು ಬಂದಿದೆ, ಆನೆ ಕಿವಿ ಥರ!”

“ಇದೆ ಇದೆ!”

“ಮುಂದೆ ಒಂದು ಕಿಟಕಿ!”

“ಕಿಟಕಿ ಇಲ್ಲ!”

“ಜಾಲರಿ ಇದೆ, ಧೂಳು ತುಂಬಿದೆ, ಕಣ್ಣು ಬಿಟ್ಟು ನೋಡ್ರೀ!”

ಇತ್ತು. ಇಷ್ಟು ಹೊತ್ತಿಗೆ ಟೈಲರ್ ಬಾಗಿಲು ತೆಗೆದು, “ಏನಣ್ಣಾ, ಮನೆಗೆ ಬೆಂಕಿ ಬಿತ್ತಾ?” ಅಂದ. ವಿಷಯ ಹೇಳ್ದೆ. ಅವನೂ ಟೇಪು ಕೊರಳಿಗೆ ಹಾಕ್ಕೊಂಡು ಹೊರಗೆ ಬಂದು ನಿಂತ. ಅವಳು ಮೇಲಿಂದ ಕೂಗೋದು, ನಾನು ಕೆಳಗಿಂದ ಒಪ್ಪಲ್ಲ ಅನ್ನೋದು, ಅವನು ನಡುವೆ ನಿಂತು ತೀರ್ಪು ಕೊಡೋದು. ತೀರ್ಪೆಲ್ಲ ಅವಳ ಕಡೆಗೇ. ಟೈ ಹಾಕಿಸಿದ್ದು ದಂಡ.

ತಿರುವಿಗೆ ಬಂದೆ. ಕೂತೆ. ಹಿಡಿಕೆ ಕಂಬಿ ಮೇಲಿಂದ ಕೆಳಗೆ ಉದ್ದಕ್ಕೂ ಎಳೆದೆ. “ಕಂಬಿ ಆಯ್ತು!” ಅಂತ ಕೂಗಿದೆ.

“ಹೆಂಗೆ ಬರೆದ್ರಿ?”

“ಹೆಂಗೆ ಅಂದ್ರೆ? ಮೇಲಿಂದ ಕೆಳಗೆ, ಒಂದೇ ಸಮ.”

ಈ ಸಲ ಕೂಗದೆ, “ಅಲ್ಲಿ ಕಂಬಿ ಇಲ್ಲ ರೀ” ಅಂದ್ಲು.

“ಇದೆ ಕಣೇ, ನಾನು ದಿನಾ ಓಡಾಡಲ್ವಾ?”

“ತಿರುವಿಗೆ ಮುಂಚೆ ಮುಗಿಯುತ್ತೆ. ತಿರುವು ದಾಟಿದ ಮೇಲೆ ಮತ್ತೆ ಶುರು. ಆವತ್ತು ಕಾಲು ಜಾರಿದಾಗ ಕೈ ಹಾಕ್ದೆ. ಗಾಳಿ ಸಿಕ್ತು.”

ಚಿತ್ರ ನೋಡ್ದೆ. ಕಂಬಿ ಇದೆ. ತಲೆ ಎತ್ತಿ ನೋಡ್ದೆ. ಕಂಬಿ ಇಲ್ಲ. ಗೋಡೆಗೆ ಎರಡು ತೂತು ಮಾತ್ರ ಇದೆ, ಯಾವ ಕಾಲದಲ್ಲೋ ಕಿತ್ತು ಹೋಗಿರೋದು. ಇಲ್ಲದ ಕಂಬೀನ ನಾನೇ ಎಳೆದು ಕೂರಿಸಿದ್ದೆ. ನಮ್ಮಿಬ್ಬರಿಗೂ ಇದರ ಬಗ್ಗೆ ಮಾತು ಬಂದೇ ಇರಲಿಲ್ಲ. ಹೆಂಗೆ ಬಿದ್ದೆ ಅಂತ ನಾನು ಕೇಳಿರಲಿಲ್ಲ, ಕೇಳಿದ್ರೆ ಅಳ್ತಾಳೇನೋ ಅಂತ ಜೋಕ್ ಹೇಳ್ತಿದ್ದೆ.

ಟೈಲರ್ ಕೆಳಗಿಳಿದು ಬಂದು ನನ್ನ ಪಕ್ಕ ಕೂತ. “ಅಣ್ಣಾ, ನಿಮ್ಮ ಪೆನ್ಸಿಲ್ ಹಾಳೆ ಮೇಲೆ ಓಡ್ತಾನೇ ಇಲ್ಲ” ಅಂದ. ರಬ್ಬರ್ ತಗೊಂಡು ಆ ತಿರುವಲ್ಲಿ ಕಂಬೀನ ಅಳಿಸಿದೆ. ಕೆಳಗೆ ಬಿದ್ದ ರಬ್ಬರ್ ಪುಡೀನೂ ಊದಿ ಸ್ವಚ್ಛ ಮಾಡ್ದೆ. ಆಮೇಲೆ ಮೇಲೆ ಹೋಗಿ ಕೊಟ್ಟೆ.

ಇವಳು ನೋಡಿ, “ಈಗ ಸರಿ ಇದೆ. ಇದೊಂದೇ ನೀವು ಸರಿಯಾಗಿ ಬರೆದಿರೋದು” ಅಂದ್ಲು. ಒಳಗೆ ಬಾ ಅಂದ್ರೆ, ಗಾಳಿ ಚೆನ್ನಾಗಿದೆ, ಇಲ್ಲೇ ಕೂರ್ತೀನಿ, ಟೀ ತಗೊಂಡ್ಬನ್ನಿ ಅಂದ್ಲು. ಸಂಜೆ ತನಕ ಹೊಸ್ತಿಲಾಚೇನೇ ಕೂತಿದ್ಲು. ಹತ್ತೋರು ಇಳಿಯೋರು ಎಲ್ಲರ ಜೊತೆ ಹರಟೆ. ಕುರ್ಚಿ ಒಳಗೆ ತಗೊಂಡು ಬರೋ ಕೆಲಸ ನಂದೇ.

ಜೂನ್ ೨೨, ಶನಿವಾರ

ಲಿಫ್ಟ್ ಒಳಗಡೆ ಜನ ಹಿಡ್ಕೊಳ್ಳೋ ಸ್ಟೀಲ್ ಪೈಪ್ ಇರುತ್ತಲ್ಲ, ಅಂಥದೊಂದು ಕಂಪ್ನಿಗೆ ಹೇಳಿ ತರಿಸಿದೆ. ಲಿಫ್ಟಿಲ್ಲದ ಕಟ್ಟಡಕ್ಕೆ ಕೊನೆಗೂ ಲಿಫ್ಟಿನ ಒಂದು ತುಂಡು ಬಂತು! ಟೈಲರ್ ಅಳತೆ ಹಿಡಿದ. ಎದೆ, ಸೊಂಟ, ತೋಳು ಬಿಟ್ಟು ಬೇರೆ ಏನನ್ನೂ ಅಳೆದಿಲ್ಲ ಅಂತಾನೆ, ಆದ್ರೂ ಸರಿಯಾಗಿ ಬಂತು. ನಾನು ಡ್ರಿಲ್ ಹಾಕ್ದೆ. ಆಮೇಲೆ ಇಬ್ಬರೂ ಜೋತು ಬಿದ್ದು ನೋಡಿದ್ವಿ. ಗಟ್ಟಿ ಇದೆ. ಟೈಲರ್ ಇನ್ನೊಂದು ಸಲ ಜೋತು ಬಿದ್ದ, ಮಜಾ ಬಂತಂತೆ.

“ಬಾರೇ, ನೋಡು ಬಾ” ಅಂದೆ.

“ಮೊದಲು ಬರೆದು ತೋರಿಸಿ.”

“ಕಣ್ಣೆದುರಿಗೇ ಇದೆ!”

“ಬರೀರಿ.”

ಬರೆದೆ. ಬಾಗಿಲಿಂದ ರಸ್ತೆವರೆಗೆ, ಕಂಬಿ ಎಲ್ಲೂ ಬಿಡದೆ. ಇಷ್ಟು ನಿಧಾನಕ್ಕೆ ಯಾವುದನ್ನೂ ಬರೆದಿಲ್ಲ. ಪ್ರತಿ ಕೊಂಡಿ ಮುಟ್ಟಿ ನೋಡಿ ಬರೆದೆ. ತಿರುವಲ್ಲೇ ಜಾಸ್ತಿ ಹೊತ್ತು ಕೂತಿದ್ದೆ, ಅಲ್ಲೂ ಒಂದು ಜಾಲರಿ ಕಿಟಕಿ ಇದೆ, ಒರೆಸಿದ್ರೆ ಒಳ್ಳೇ ಬೆಳಕು ಬರುತ್ತೆ, ಕೂರೋಕೆ ಚೆನ್ನಾಗಿದೆ.

ಇವಳು ಹಾಳೆ ಮೇಲೆ ಮೇಲಿನ ತುದೀಲಿ ಬೆರಳಿಟ್ಟು, ಕಂಬಿ ಗೆರೆ ಹಿಡ್ಕೊಂಡು ಕೆಳಗಿನವರೆಗೂ ಹೋದ್ಲು. ಮತ್ತೆ ಮೇಲಿಂದ. ಮತ್ತೆ. ಗೆರೆ ಎಲ್ಲ ಮಸುಕಾಯ್ತು, ಬೆರಳು ಕಪ್ಪಾಯ್ತು. ನಾನು ತಮಾಷೆ ಮಾಡೋಣ ಅಂತ ಬಾಯಿ ತೆಗೆದೆ. ಮಗಳು ನನ್ನ ಕಾಲು ತುಳಿದ್ಲು.

ಜೂನ್ ೨೪, ಸೋಮವಾರ

ಇಳಿದ್ಲು! ಟೈಲರ್ ಮನೇವರೆಗೆ ಇಳಿದ್ಲು!

ಡಾಕ್ಟ್ರಮ್ಮ ಮುಂದೆ, ನಾನು ಹಿಂದೆ, ಇವಳು ನಡುವೆ ಕಂಬಿ ಹಿಡ್ಕೊಂಡು. ಒಂದು ಮೆಟ್ಟಿಲ ಮೇಲೆ ಇವಳು ನಿಂತು, “ರೀ, ನೀವು ಯಾಕೆ ಉಸಿರು ಬಿಡ್ತಿಲ್ಲ?” ಅಂದ್ಲು.

“ನಿನ್ನ ಬದಲು ನಾನು ಹಿಡ್ಕೊಂಡಿದೀನಿ.”

“ಬಿಡಿ, ನಂಗೆ ನಿಮ್ಮನ್ನ ಎತ್ತೋಕಾಗಲ್ಲ.”

ಟೈಲರ್ ಬಾಗಿಲಲ್ಲಿ ಕಾಯ್ತಿದ್ದ. ನಿಜವಾಗ್ಲೂ ಕೋಟು ಹಾಕ್ಕೊಂಡು! ಈ ಸೆಖೇಲಿ! ಡಾಕ್ಟ್ರಮ್ಮ ನಕ್ಕು ನಕ್ಕು ಗೋಡೆ ಹಿಡ್ಕೊಂಡ್ರು. ಮೆಟ್ಟಿಲ ಮೇಲೆ ಬೀಳೋ ಹಂಗಾಗಿದ್ದು ಅವರೊಬ್ಬರೇ.

ಅಲ್ಲಿಂದ ಕೆಳಗೆ ಆ ತಿರುವು. ಇವಳು ಬಗ್ಗಿ ನೋಡಿದ್ಲು. “ಇವತ್ತಿಗೆ ಸಾಕು” ಅಂದ್ಲು. ಸರಿ ಅಂದೆ. ಹತ್ತಿದ್ವಿ.

ಓನರ್‌ಗೆ ಈ ವಾರ ಹೇಳ್ಬೇಕು. ಇವಳನ್ನ ಕೇಳೋಕೆ ಧೈರ್ಯ ಸಾಲಲಿಲ್ಲ.

ಜೂನ್ ೨೭, ಗುರುವಾರ

ಇವತ್ತು ಅಂಗಡಿ ಬೇಗ ಮುಚ್ಚಿ ಮನೆಗೆ ಬಂದೆ. ಹೊಸ್ತಿಲಾಚೆ ಕುರ್ಚಿ ಇದೆ, ಇವಳಿಲ್ಲ. ಒಳಗೆ ನೋಡ್ದೆ, ಇಲ್ಲ. ವಾಕರ್ ಗೋಡೆಗೆ ಒರಗಿದೆ, ಇವಳಿಲ್ಲ. ಕಕ್ಕಸು ಮನೆ ಬಾಗಿಲು ಬಡಿದೆ, ಒಳಗೆ ಮಗಳು! “ಅಪ್ಪಾ, ಮಾನ ಮರ್ಯಾದೆ ಇದೆಯಾ?” ಅಂತಾಳೆ.

“ಅಮ್ಮ ಎಲ್ಲೇ?”

“ಕುರ್ಚೀಲಿಲ್ವಾ? ಡಾಕ್ಟ್ರಮ್ಮ ಕೊಟ್ಟ ಕೋಲು ಹಿಡ್ಕೊಂಡು ಟೈಲರ್ ಅಂಕಲ್ ಹತ್ರ ಹೋಗ್ಬರ್ತೀನಿ ಅಂದ್ಲು.”

ಇಳಿದು ನೋಡಿದ್ರೆ ಟೈಲರ್ ಮನೆಗೆ ಬೀಗ! ನಾನು ಹತ್ತಿ ಬರೋವಾಗ ಬಾಗಿಲು ತೆಗೆದಿತ್ತಲ್ಲ! ತಿರುವಿನ ಕಡೆ ಓಡಿದೆ. ಯಾರೂ ಇಲ್ಲ. ಬೀದಿ ಪೂರ್ತಿ ಮೇಲಿಂದಲೇ ಕಾಣೋದು ಅಂತ ಮತ್ತೆ ಮೇಲೆ ಓಡಿ ಬಾಲ್ಕನಿಗೆ ಬಂದೆ. ಬಗ್ಗಿ ನೋಡ್ದೆ.

ರಸ್ತೆ ಮೇಲೆ ಎರಡು ತಲೆ. ಒಂದು ಟೈಲರ್‌ದು, ನಡುನೆತ್ತಿ ಬೋಳಾಗಿದೆ ಅಂತ ಇವತ್ತೇ ಗೊತ್ತಾಗಿದ್ದು. ಇನ್ನೊಂದರ ಬೈತಲೆ ನೆಟ್ಟಗೆ, ಬೆಳ್ಳಗೆ. ಇವಳು ಕೋಲೂರಿ ನಿಂತು, ಅಂಗಡಿ ಓನರ್ ಜೊತೆ ಫೋನಲ್ಲಿ ಮಾತಾಡ್ತಿದಾಳೆ, ಮೂರನೇ ಮಹಡಿವರೆಗೂ ಕೇಳೋ ಹಂಗೆ: “ಇಲ್ಲ ಸಾರ್, ಕೊಡಲ್ಲ. ಯಾರು ಹೇಳಿದ್ರು ಕೊಡ್ತೀನಿ ಅಂತ? ನಮ್ಮನೆಯವರಾ? ಅವರ ಮಾತು ಬಿಡಿ, ಅವರಿಗೆ ಮಿಷನ್ ಎಲ್ಲಿದೆ ಅಂತಾನೇ ಗೊತ್ತಿಲ್ಲ!”

ಫೋನ್ ಇಟ್ಟು ತಲೆ ಎತ್ತಿದ್ಲು. ನನ್ನನ್ನ ನೋಡಿ, “ರೀ! ಏನು ಅಲ್ಲಿ ಜೋತಾಡ್ತಿದೀರಾ? ಬೇಗ ಅಂಗಡಿ ಕೀ ಎಸೀರಿ!”

ಕೀ ಎಸೆದೆ. ಟೈಲರ್ ತಲೆ ಮೇಲೆ ಬಿತ್ತು.

ಇವಳು ಕೀ ತಗೊಂಡು, ಕೋಲೂರ್ಕೊಂಡು, ಹಿಂದೆ ತಿರುಗಿ ನೋಡದೆ ಹೊರಟೇಬಿಟ್ಲು. ಮೇಲಿಂದ ಬೀದಿ ಹಿಂಗೆ ಕಾಣುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ. ಇದನ್ನ ಬರೀಬೇಕು ಅನಿಸ್ತು. ಆದ್ರೆ ಪೆನ್ಸಿಲ್ ಹುಡುಕಿ ತರೋ ಹೊತ್ತಿಗೆ ಇವಳು ಮೂಲೆ ತಿರುಗಿಬಿಡ್ತಾಳೆ. ಹಂಗಾಗಿ ಕಂಬಿ ಹಿಡ್ಕೊಂಡು ನೋಡ್ತಾನೇ ನಿಂತಿದ್ದೆ.